ಅಕ್ಷರಗುಂಡಿನ ಮುಂದೆ ಅರ್ಧ ಗಂಟೆ

ತುಂಬ ದಿನ ಆಯ್ತು ಈ ಕಡೆ ತಲೆ ಹಾಕಿ. "ಎಲ್ಲಿ ಮಾಯ ಆದೆ ಮಾರಾಯಾ?" ಅಂತ ಇಬ್ಬರು ಮೂವರು ಬ್ಲಾಗ್ ಗೆಳೆಯರು ಕೇಳಿದ್ದರು. ಮಾಯ ಏನೂ ಆಗಿರಲಿಲ್ಲ. ಹತ್ತು ದಿನ ರಜೆ ಹಾಕಿ ವಿಪಶ್ಯನ ಶಿಬಿರಕ್ಕೆ ಹೋಗಿದ್ದೆ. ಮೊಬೈಲ್ ಇಲ್ಲ, ಮಾತಿಲ್ಲ, ಪುಸ್ತಕ ಇಲ್ಲ. ನನ್ನಂಥ ವಾಚಾಳಿ ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದ ಅಂದರೆ ನಮ್ಮ ಮನೆಯವರೇ ನಂಬಲಿಲ್ಲ :-)

ಯಾಕೆ ಹೋದೆ ಅನ್ನೋದನ್ನೂ ಹೇಳಿಬಿಡುತ್ತೇನೆ. ಈ ಬರಹಕ್ಕೆ ಅದೇ ಕಾರಣ. ಶಿಬಿರಕ್ಕೆ ಎರಡು ತಿಂಗಳ ಮುಂಚೆ ಆಫೀಸಿನಲ್ಲಿ, ಆರು ಜನರ ನನ್ನ ಟೀಮಿನಿಂದ ಒಂದು ಹೆಸರು ಕೊಡು ಅಂದರು. ಯಾವ ಹೆಸರು ಅಂತ ಬಿಡಿಸಿ ಹೇಳಬೇಕಿಲ್ಲ ತಾನೆ? ಆ ವರ್ಷ ಎಲ್ಲರಿಗಿಂತ ಕಡಿಮೆ ಕೆಲಸ ಮಾಡಿದವನ ಹೆಸರು. ನಾನು ಕೊಟ್ಟೆ. ಆ ಹುಡುಗ ಕೆಲಸದಲ್ಲಿ ಹಿಂದೆ ಬಿದ್ದಿದ್ದು ನಿಜ. ಆದರೆ ಆ ಆರು ತಿಂಗಳು ಅವನ ತಂದೆ ಆಸ್ಪತ್ರೆಯಲ್ಲಿದ್ದರು ಅನ್ನೋದು ನನಗೆ ಗೊತ್ತಿತ್ತು, ಮೇಲಿನವರಿಗೆ ಗೊತ್ತಿರಲಿಲ್ಲ. ಅದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಹೆಸರು ಕೊಡಬೇಕಿತ್ತು, ಅದರ ತಲೆನೋವು ಬೇಡ ಅಂತ ಸುಮ್ಮನಾದೆ. ಅವನು ಹೋದ. ನನಗೆ ನಿದ್ದೆಯೂ ಹೋಯ್ತು.

ಶಿಬಿರದಿಂದ ಬಂದ ಮೇಲೆ ನಿದ್ದೆ ಚೆನ್ನಾಗಿ ಬಂತು. ಉಸಿರು ನೋಡು, ಬರುವುದು ಬರಲಿ, ಹೋಗುವುದು ಹೋಗಲಿ. ಮನಸ್ಸು ತಿಳಿಯಾಗಿತ್ತು. ಅದನ್ನು ನನ್ನ ಗೆಳೆಯನ ಹತ್ತಿರ ದೊಡ್ಡದಾಗಿ ಹೇಳಿಕೊಂಡೆ. ಅವನು ಟೀ ಲೋಟ ಕೆಳಗಿಟ್ಟು ಒಂದೇ ಮಾತು ಕೇಳಿದ: "ಸರಿ ಗುರೂ, ನಿನಗೆ ನಿದ್ದೆ ಬಂತು. ಆ ಹುಡುಗನಿಗೆ ಏನು ಬಂತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಒಂದೇ ಪ್ರಶ್ನೆ ತಲೆಯಲ್ಲಿ ಗುಂಯ್ ಅಂತಿದೆ. ಕಣ್ಣು ಮುಚ್ಚಿ ಕೂರುವುದಕ್ಕೂ ಕಣ್ಣು ತೆರೆದು ಕೆಲಸ ಮಾಡುವುದಕ್ಕೂ ಏನು ಸಂಬಂಧ? ಬೌದ್ಧ ಧರ್ಮ ಲೋಕ ಬಿಟ್ಟವರ ದಾರಿಯಾ, ಲೋಕದಲ್ಲಿ ಇರುವವರ ದಾರಿಯಾ? ಇದನ್ನು ನನಗಿಂತ ತುಂಬ ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಒಬ್ಬ ಮನುಷ್ಯ ಇದ್ದ. ಅವನ ಮಾತು ನಮ್ಮ ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲೇ ಇದೆ. ಒಂದು ಶನಿವಾರ ಬೆಳಗಿನ ಜಾವ ಅದೇ ಗೆಳೆಯನನ್ನು ಎಬ್ಬಿಸಿಕೊಂಡು ಹೊರಟೆ. ಹಿರಿಯೂರು, ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ.

ಸುತ್ತ ಕುರುಚಲು, ದುಂಡು ಬಂಡೆಗಳ ಬೆಟ್ಟ, ನೆತ್ತಿ ಸುಡುವ ಬಿಸಿಲು. ಹತ್ತಿರದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು "ಎಲ್ಲಿಂದ ಬಂದ್ರಿ ಸಾಮೇರೇ?" ಅಂದರು. "ಬೆಂಗಳೂರಿಂದ ಅಜ್ಜಾ, ಅಶೋಕನ ಶಾಸನ ನೋಡೋಕೆ" ಅಂದೆ. "ಹೋ, ಅಕ್ಷರಗುಂಡಾ!" ಅಂತ ಕೋಲಿನಿಂದ ತೋರಿಸಿದರು. ಬಂಡೆಗೆ ಅಲ್ಲಿನ ಹೆಸರೇ ಅದು, ಅಕ್ಷರಗುಂಡು. 1892ರಲ್ಲಿ ಬಿ. ಎಲ್. ರೈಸ್ ಇದನ್ನೂ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳನ್ನೂ ವಿದ್ವಾಂಸರ ಗಮನಕ್ಕೆ ತಂದರು. ಅಶೋಕನ ಆಳ್ವಿಕೆ ಮೈಸೂರು ಸೀಮೆಯವರೆಗೂ ಮುಟ್ಟಿತ್ತು ಅನ್ನೋದು ಗಟ್ಟಿಯಾಗಿ ಗೊತ್ತಾಗಿದ್ದು ಆಗ.

ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಅವನ ಒಂದು ತಮಾಷೆ ನನಗೆ ಬಹಳ ಇಷ್ಟ. ಇಡೀ ಶಾಸನವನ್ನು ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದವನು "ಲಿಪಿಕಾರ" ಅನ್ನುವ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ದಿಕ್ಕಿನ, ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮೂರಿನ ಜನರಲ್ಲಿ ಅದನ್ನು ಓದುವವರು ಯಾರಿದ್ದರೋ! ನಾವು ಕೋಡ್ ಬರೆದು ಮೂಲೆಯಲ್ಲಿ ನಮ್ಮ ಹೆಸರು ತುರುಕುವ ಹಾಗೆ :-)

ಸರಿ, ವಿಷಯಕ್ಕೆ ಬರೋಣ. ಆ ಬಂಡೆ ಏನು ಹೇಳುತ್ತೆ?

ಅದು ಒಂದು ತಪ್ಪೊಪ್ಪಿಗೆ. ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಮೊದಲಲ್ಲಿ ಹೆಚ್ಚು ಶ್ರಮ ಪಡಲಿಲ್ಲ. ಸಂಘದ ಹತ್ತಿರಕ್ಕೆ ಹೋಗಿ ಒಂದು ವರ್ಷಕ್ಕೂ ಮೇಲಾಯಿತು, ಆಮೇಲೆ ಚೆನ್ನಾಗಿ ಶ್ರಮ ಪಟ್ಟೆ. ತಾತ್ಪರ್ಯ ಇಷ್ಟು. ಇದರ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಶ್ರಮ ಪಟ್ಟರೆ ಪಡೆಯಬಹುದು ಅಂತ ಮುಂದೆ ಸೇರಿಸುತ್ತಾನೆ. ಇದೇ ಒಕ್ಕಣೆಯ ಶಾಸನ ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಅನ್ನುವ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ "ದೇವಾನಾಂಪ್ರಿಯ", "ಪ್ರಿಯದರ್ಶಿ" ಅಂತ ಮಾತ್ರ ಇತ್ತು. ಮಸ್ಕಿಯಲ್ಲಿ "ಅಶೋಕ" ಅನ್ನುವ ಹೆಸರೇ ಸಿಕ್ಕಿತು. ಚಿನ್ನ ಹುಡುಕಲು ಹೋದವನಿಗೆ ಚಿನ್ನಕ್ಕಿಂತ ಹೆಚ್ಚಿನದು ಸಿಕ್ಕಿತು ಅನ್ನಿ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಪಟ್ಟಾಭಿಷೇಕವಾಗಿ ಎಂಟು ವರ್ಷಕ್ಕೆ, ಅಂದರೆ ಕ್ರಿ.ಪೂ. 260ರ ಸುಮಾರಿಗೆ, ಕಳಿಂಗ ಯುದ್ಧ. 13ನೇ ಬಂಡೆ ಶಾಸನದಲ್ಲಿ ಅಂಕಿ ಸಮೇತ ಅವನೇ ಹೇಳುತ್ತಾನೆ: ಸೆರೆ ಒಯ್ದವರು 1,50,000, ಕೊಲ್ಲಲ್ಪಟ್ಟವರು 1,00,000, ಬೇರೆ ಬೇರೆ ರೀತಿ ಸತ್ತವರು ಅದರ ಎಷ್ಟೋ ಪಟ್ಟು. ಅದರಿಂದ ಪಶ್ಚಾತ್ತಾಪವಾಯಿತು ಅನ್ನುತ್ತಾನೆ. ಶಾಲೆಯ ಪಾಠದಲ್ಲಿ ನಾವು ಓದಿದ್ದು ಹೇಗೆ? ಯುದ್ಧ ಮುಗಿಯಿತು, ರಕ್ತ ನೋಡಿದ, ಕತ್ತಿ ಬಿಸುಟ, ಬೌದ್ಧನಾದ, ಚಂಡಾಶೋಕ ಧರ್ಮಾಶೋಕನಾದ. ಸಿನಿಮಾದ ಇಂಟರ್ವಲ್ ಥರ. ಆದರೆ ಬ್ರಹ್ಮಗಿರಿಯ ಬಂಡೆ ಹೇಳುವ ಕಥೆ ಹಾಗಿಲ್ಲ. ಉಪಾಸಕ ಅಂತ ಕರೆಸಿಕೊಂಡ ಮೇಲೂ ಸುಮಾರು ಕಾಲ ಅವನು ಮೈ ಬಗ್ಗಿಸಲಿಲ್ಲ! ಮನಸ್ಸು ಕರಗಿದ್ದು ಬೇರೆ, ಬದುಕು ಬದಲಾಗಿದ್ದು ಬೇರೆ. ನಡುವೆ ಒಂದು ಅಂತರ ಇತ್ತು ಅನ್ನೋದನ್ನು ಚಕ್ರವರ್ತಿಯೇ ಬಂಡೆಯ ಮೇಲೆ ಕೊರೆಸಿ ಊರೂರಿಗೆ ಸಾರಿದ್ದಾನೆ. ನಮ್ಮಲ್ಲಿ ಯಾವ ಬಾಸ್ ಹೀಗೆ ಮೇಲ್ ಕಳಿಸ್ತಾನೆ ಹೇಳಿ?

ಸಂಘದ ಹತ್ತಿರ ಹೋದ ಮೇಲೆ ಏನು ಮಾಡಿದ? ನಾನು ಗಮನಿಸಿದ್ದು ಇದು. ಅವನ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮೊದಲಿನ ರಾಜರು ಬೇಟೆ, ವಿಹಾರ ಅಂತ ತಿರುಗುತ್ತಿದ್ದರು, ನಾನು ಹತ್ತನೇ ವರ್ಷದಲ್ಲಿ ಸಂಬೋಧಿಗೆ ಹೋದೆ, ಅಂದಿನಿಂದ ಧರ್ಮಯಾತ್ರೆ ಶುರುವಾಯಿತು ಅಂತ 8ನೇ ಬಂಡೆ ಶಾಸನ. ಸಂಬೋಧಿ ಅಂದರೆ ಇವತ್ತಿನ ಬೋಧಗಯಾ. ಬುದ್ಧನಿಗೆ ಅರಿವಾದ ಮರದ ಬುಡಕ್ಕೆ ಹೋದವನು ಅಲ್ಲೇ ಕೂತುಬಿಡಲಿಲ್ಲ. ಅಂಥ ಯಾತ್ರೆಯಲ್ಲಿ ಹಳ್ಳಿಗಳ ಜನರನ್ನು ಭೇಟಿಯಾಗುವುದು, ಮುದುಕರಿಗೆ ದಾನ ಕೊಡುವುದು ಅವನ ಪಟ್ಟಿಯಲ್ಲಿತ್ತು. 2ನೇ ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ, ಔಷಧಿ ಗಿಡ ಸಿಗದ ಕಡೆ ತರಿಸಿ ನೆಡಿಸುವುದು, ದಾರಿಯುದ್ದಕ್ಕೂ ಬಾವಿ ಮತ್ತು ಮರ. 13ನೇ ವರ್ಷದಲ್ಲಿ ಧರ್ಮ ಮಹಾಮಾತ್ರರು ಅನ್ನುವ ಹೊಸ ಅಧಿಕಾರಿಗಳ ನೇಮಕ. ಸೆರೆಯಲ್ಲಿದ್ದವನಿಗೆ ಮಕ್ಕಳಿದ್ದಾರಾ, ವಯಸ್ಸಾಗಿದೆಯಾ ಅಂತ ನೋಡಿ ಬಿಡುಗಡೆಗೆ ನೆರವಾಗುವುದೂ ಅವರ ಕೆಲಸ.

6ನೇ ಶಾಸನ ಓದಿದಾಗ ಮಾತ್ರ ನನಗೆ ನಗು ಬಂತು. ನಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಪಲ್ಲಕ್ಕಿಯಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ವಿಷಯ ಯಾವಾಗ ಬೇಕಾದರೂ ಬಂದು ತಿಳಿಸಿ ಅಂತ ಆಜ್ಞೆ. ಅಪ್ಪಟ ಆನ್-ಕಾಲ್ ಡ್ಯೂಟಿ! ಎಷ್ಟು ಕೆಲಸ ಮಾಡಿದರೂ ನನಗೆ ತೃಪ್ತಿ ಇಲ್ಲ, ಮಾಡುವುದೆಲ್ಲ ಜೀವಿಗಳಿಗೆ ಇರುವ ಸಾಲ ತೀರಿಸಲಿಕ್ಕೆ ಅಂತಲೂ ಅಲ್ಲೇ ಇದೆ. ಈ "ಸಾಲ" ಅನ್ನುವ ಮಾತು ಗಮನಿಸಿ. ಪುಣ್ಯ ಮಾಡುತ್ತಿದ್ದೇನೆ, ಉಪಕಾರ ಮಾಡುತ್ತಿದ್ದೇನೆ ಅನ್ನಲಿಲ್ಲ. ಸಾಲ ಇದೆ, ತೀರಿಸುತ್ತಿದ್ದೇನೆ ಅಂದ.

ಇಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ಭಾಷಣ ಆಗುತ್ತೆ. ನಿಲ್ಲಿಸೋಕೆ ಆಗಲ್ಲ. ಬ್ರಹ್ಮಗಿರಿಯ ನೆರಳಿನಲ್ಲಿ ಕೂತು ಅವಲಕ್ಕಿ ತಿನ್ನುವಾಗ ಗೆಳೆಯ ಮತ್ತೆ ಕೊಕ್ಕೆ ಹಾಕಿದ: "ಅಷ್ಟು ದುಃಖ ಆದಮೇಲೆ ಕಳಿಂಗ ವಾಪಸ್ ಕೊಟ್ನಾ?"

ಕೊಡಲಿಲ್ಲ. ಸೆರೆ ಒಯ್ದ ಒಂದೂವರೆ ಲಕ್ಷ ಜನರನ್ನು ಊರಿಗೆ ಕಳಿಸಿದೆ ಅಂತ ಅವನ ಯಾವ ಶಾಸನವೂ ಹೇಳುವುದಿಲ್ಲ. ಅದೇ 13ನೇ ಶಾಸನದಲ್ಲಿ ಕಾಡಿನ ಜನಕ್ಕೆ ಒಂದು ಎಚ್ಚರಿಕೆ ಇದೆ: ಪಶ್ಚಾತ್ತಾಪ ಪಟ್ಟರೂ ಅವನಿಗೆ ಶಕ್ತಿ ಇದೆ, ಸರಿಯಾಗಿ ನಡೆದುಕೊಳ್ಳಿ, ಸಾಯಬೇಡಿ. ಇನ್ನೂ ಒಂದು ವಿಚಿತ್ರ. ಒಡಿಶಾದ ಧೌಲಿ ಮತ್ತು ಜೌಗಡ, ಅಂದರೆ ಕಳಿಂಗದ ನೆಲದಲ್ಲೇ ಇರುವ ಬಂಡೆಗಳಲ್ಲಿ, ಈ 13ನೇ ಶಾಸನವೇ ಇಲ್ಲ! 11, 12, 13 ಮೂರನ್ನೂ ಬಿಟ್ಟು, ಅವುಗಳ ಬದಲು ಬೇರೆ ಎರಡು ಶಾಸನ ಹಾಕಿಸಿದ್ದಾನೆ. ಪಶ್ಚಾತ್ತಾಪದ ಮಾತು ದೂರದ ಗಿರ್ನಾರಿನಲ್ಲಿದೆ, ಶಹಬಾಜ್‌ಗಢಿಯಲ್ಲಿದೆ. ಯಾರಿಗೆ ನೋವಾಯಿತೋ ಅವರ ಊರಲ್ಲಿ ಇಲ್ಲ. ಅಲ್ಲಿ ಆ ಅಂಕಿಗಳನ್ನು ಬರೆಸಿದರೆ ಗಾಯ ಕೆದಕಿದ ಹಾಗೆ ಅಂತ ಬಿಟ್ಟಿರಬಹುದು, ರಾಜಕೀಯ ಜಾಣತನವೂ ಇರಬಹುದು.

ಇದನ್ನು ಹೇಳುವಾಗ ನನ್ನ ದನಿ ಸಣ್ಣಗಾಯಿತು. ನಾನೂ ನನ್ನ ಪಶ್ಚಾತ್ತಾಪವನ್ನು ಗೆಳೆಯನಿಗೆ ಹೇಳಿದ್ದೆ, ಅಮ್ಮನಿಗೆ ಹೇಳಿದ್ದೆ, ಶಿಬಿರದ ಗುರುಗಳ ಹತ್ತಿರ ಹೇಳಿದ್ದೆ. ಆ ಹುಡುಗನಿಗೆ ಹೇಳಿರಲಿಲ್ಲ.

ಮರಣದಂಡನೆಯ ವಿಷಯವೂ ಹೀಗೆಯೇ. ಅಶೋಕ ಅದನ್ನು ತೆಗೆದುಹಾಕಿದ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಪಟ್ಟವಾಗಿ 26 ವರ್ಷದ ಮೇಲೆ ಬರೆಸಿದ 4ನೇ ಸ್ತಂಭ ಶಾಸನ ನೋಡಿ. ಮರಣದಂಡನೆ ಆದವರಿಗೆ ಮೂರು ದಿನದ ಗಡುವು. ಅಷ್ಟರಲ್ಲಿ ಬಂಧುಗಳು ಅಧಿಕಾರಿಗಳ ಹತ್ತಿರ ಮರುಪರಿಶೀಲನೆಗೆ ಬೇಡಿಕೊಳ್ಳಬಹುದು. ಆಗದಿದ್ದರೆ ದಾನ, ಉಪವಾಸ ಮಾಡಿ ಪರಲೋಕಕ್ಕೆ ಸಿದ್ಧವಾಗಬಹುದು. ಅಹಿಂಸೆಯ ಚಕ್ರವರ್ತಿಗೆ ನೇಣನ್ನು ನಿಲ್ಲಿಸಲು ಆಗಲಿಲ್ಲ, ಮೂರು ದಿನ ಮುಂದೂಡಲು ಆಯಿತು. ಅವನ ಅಡುಗೆಮನೆಯ ಲೆಕ್ಕವೂ ಹಾಗೇ. ಮೊದಲು ದಿನಕ್ಕೆ ಲಕ್ಷಾಂತರ ಪ್ರಾಣಿ ಸಾರಿಗೆ ಹೋಗುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಇವೂ ಇಲ್ಲ ಅಂತ 1ನೇ ಶಾಸನ. ಸೊನ್ನೆ ಆಯಿತು ಅಂತ ಸುಳ್ಳು ಹೇಳಿ ಬೆನ್ನು ತಟ್ಟಿಕೊಳ್ಳಬಹುದಿತ್ತು. ಮೂರು ಉಳಿದಿವೆ ಅಂತ ಎಣಿಸಿ ಬರೆಸಿದ್ದಾನೆ.

ಇದನ್ನು ಕೆಲವರು ಬೂಟಾಟಿಕೆ ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಹಾಗಂತ ಅವನನ್ನು ಪೂರ್ತಿ ಸಮರ್ಥಿಸಲೂ ಆಗುತ್ತಿಲ್ಲ. ಮೂರು ದಿನದ ಗಡುವಿನಲ್ಲಿ ಉಳಿದ ಒಂದು ಜೀವಕ್ಕೆ ಆ ಮೂರು ದಿನ ದೊಡ್ಡದೇ. ಊರಿಗೆ ವಾಪಸ್ ಹೋಗದ ಕಳಿಂಗದವನಿಗೆ ಅಶೋಕನ ದುಃಖದಿಂದ ಏನೂ ಸಿಗಲಿಲ್ಲ ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಅವನನ್ನು ಓದಬೇಕು.

ಧೌಲಿ, ಜೌಗಡದಲ್ಲಿ ಬದಲಿಗೆ ಹಾಕಿಸಿದ ಆ ಎರಡು ಶಾಸನಗಳ ಒಂದು ಪ್ರತಿ ನಮ್ಮಲ್ಲೂ ಇದೆ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. ಭೀಮಾ ತೀರದ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿಯ ಕೆಳಗೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಅಂತ ಆಮೇಲೆ ಗೊತ್ತಾಯಿತು. ಪಕ್ಕದ ಕನಗನಹಳ್ಳಿಯ ಸ್ತೂಪದ ಅಗೆತದಲ್ಲಿ ರಾಜ ಅಶೋಕ ಅಂತ ಬ್ರಾಹ್ಮಿಯಲ್ಲಿ ಹೆಸರು ಬರೆದ ಶಿಲ್ಪವೂ ಸಿಕ್ಕಿತು. ಈ ಶಾಸನಗಳಲ್ಲಿ ಎಲ್ಲ ಮನುಷ್ಯರೂ ನನ್ನ ಮಕ್ಕಳು ಅನ್ನುವ ಮಾತಿದೆ, ಅದು ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ನ್ಯಾಯ ನೋಡುವ ಅಧಿಕಾರಿಗಳಿಗೆ ಒಂದು ಪಟ್ಟಿ ಇದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಕಾರಣವಿಲ್ಲದೆ ಯಾರೋ ಸೆರೆಗೆ ಬೀಳುತ್ತಾರೆ, ಜೊತೆಗೆ ಇನ್ನೆಷ್ಟೋ ಜನ ನರಳುತ್ತಾರೆ. ಅದಾಗಬಾರದು ಅಂದರೆ ಏಳು ದೋಷ ನಿಮ್ಮಲ್ಲಿರಬಾರದು: ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸ ಇಲ್ಲದಿರುವುದು, ಸೋಮಾರಿತನ, ಆಯಾಸ.

ಅನ್ಯಾಯ ಮಾಡಲು ಕೆಟ್ಟವನೇ ಆಗಬೇಕಿಲ್ಲ, ಸುಸ್ತಾಗಿದ್ದರೂ ಸಾಕು ಅಂತ 2200 ವರ್ಷಕ್ಕೂ ಹಿಂದೆಯೇ ಒಬ್ಬ ಆಡಳಿತಗಾರನಿಗೆ ಹೊಳೆದಿತ್ತು! ಧ್ಯಾನಕ್ಕೆ ಕೂತವರು ತಮ್ಮೊಳಗೆ ನೋಡುವುದೂ ಇಂಥವನ್ನೇ ಅಲ್ಲವೆ, ಸಿಟ್ಟು, ಆಲಸ್ಯ, ಚಂಚಲತೆ? ಅವನು ಅದನ್ನೇ ಆಫೀಸಿಗೆ ತಂದ. ನಾನು ಆ ಹೆಸರು ಕೊಟ್ಟ ದಿನ ನನ್ನಲ್ಲಿ ಅಸೂಯೆ ಇರಲಿಲ್ಲ, ಕ್ರೌರ್ಯ ಇರಲಿಲ್ಲ. ಆತುರ ಇತ್ತು, ಆಯಾಸ ಇತ್ತು, ಸೋಮಾರಿತನ ಇತ್ತು. ಏಳಕ್ಕೆ ಮೂರು.

ಹಾಗಾದರೆ ಧ್ಯಾನಕ್ಕೂ ಕೆಲಸಕ್ಕೂ ಸೇತುವೆ ಯಾವುದು? ಇದಕ್ಕೆ ರಾಜಸ್ಥಾನದ ಬೈರಾಟಿನ ಶಾಸನ ಒಂದು ಸುಳಿವು ಕೊಡುತ್ತೆ. ಆ ಕಲ್ಲು ಈಗ ಕೋಲ್ಕತ್ತಾದಲ್ಲಿದೆ. ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು ಎಲ್ಲರೂ ಮತ್ತೆ ಮತ್ತೆ ಕೇಳಿ ಮನನ ಮಾಡಬೇಕಾದ ಏಳು ಧರ್ಮಪಾಠಗಳ ಹೆಸರನ್ನು ಅಶೋಕ ಅದರಲ್ಲಿ ಕೊಟ್ಟಿದ್ದಾನೆ. ಕೊನೆಯದು ಸುಳ್ಳಿನ ವಿಷಯವಾಗಿ ಬುದ್ಧ ರಾಹುಲನಿಗೆ ಹೇಳಿದ ಉಪದೇಶ. ಪಾಲಿ ಮಜ್ಝಿಮ ನಿಕಾಯದ 61ನೇ ಸುತ್ತ ಇದೇ ಅಂತ ವಿದ್ವಾಂಸರು ಗುರುತಿಸುತ್ತಾರೆ.

ರಾಹುಲ ಬುದ್ಧನ ಸ್ವಂತ ಮಗ, ಆಗಿನ್ನೂ ಎಳೆಯ. ಕನ್ನಡಿ ಇರುವುದು ಯಾಕೆ ಅಂತ ಬುದ್ಧ ಕೇಳುತ್ತಾನೆ. ನೋಡಿಕೊಳ್ಳೋಕೆ ಅಂತಾನೆ ಹುಡುಗ. ಹಾಗೇ ಪ್ರತಿ ಕೆಲಸವನ್ನೂ ನೋಡಿ ನೋಡಿ ಮಾಡಬೇಕು ಅನ್ನುತ್ತಾನೆ ಬುದ್ಧ. ಮಾಡುವ ಮುಂಚೆ ನೋಡು, ಮಾಡುವಾಗ ನೋಡು, ಮಾಡಿದ ಮೇಲೂ ನೋಡು: ಇದರಿಂದ ನನಗೆ ನೋವಾಗುತ್ತಾ, ಬೇರೆಯವರಿಗೆ ಆಗುತ್ತಾ, ಇಬ್ಬರಿಗೂ ಆಗುತ್ತಾ? ಮೈಯಿಂದಲೋ ಮಾತಿನಿಂದಲೋ ತಪ್ಪಾಗಿಬಿಟ್ಟಿದ್ದರೆ ಗುರುವಿನ ಮುಂದೆ, ತಿಳಿದವರ ಮುಂದೆ ತೆರೆದು ಹೇಳು, ಮುಂದೆ ಹಾಗೆ ಮಾಡಬೇಡ.

ಕಣ್ಣು ಮುಚ್ಚಿ ಕೂರಬೇಡ ಅಂತ ಬುದ್ಧ ಹೇಳಲಿಲ್ಲ. ಆದರೆ ಈ ಪಾಠದಲ್ಲಿ ಮನನ ಅನ್ನುವುದು ಕೆಲಸದಿಂದ ಸಿಗುವ ರಜೆ ಅಲ್ಲ. ಕೆಲಸದ ಮುಂಚೆ, ನಡುವೆ, ಆಮೇಲೆ ಮೂರು ಸಲ ಹಿಡಿಯುವ ಕನ್ನಡಿ. ನಾನು ಮಾಡಿದ್ದೇನು? ಮುಂಚೆ ನೋಡಲಿಲ್ಲ, ಮಾಡುವಾಗ ನೋಡಲಿಲ್ಲ. ಆಮೇಲೆ ಕನ್ನಡಿ ಮುಂದೆ ಹತ್ತು ದಿನ ಕೂತು ತಲೆ ಬಾಚಿಕೊಂಡು ಬಂದೆ!

ಅಶೋಕನ ಶಾಸನಗಳ ಧರ್ಮದಲ್ಲಿ ಬೌದ್ಧ ಧರ್ಮ ಎಲ್ಲಿದೆ, ನಿರ್ವಾಣದ ಮಾತಿಲ್ಲ, ನಾಲ್ಕು ಆರ್ಯಸತ್ಯಗಳ ಮಾತಿಲ್ಲ ಅಂತ ವಾದಿಸುವವರಿದ್ದಾರೆ. ಮಾತು ನಿಜವೇ. ತಂದೆ ತಾಯಿಯ ಮಾತು ಕೇಳು, ಆಳುಕಾಳುಗಳನ್ನು ಚೆನ್ನಾಗಿ ನೋಡಿಕೋ, ಬೇರೆ ಪಂಥದವರನ್ನು ಹೀಗಳೆಯಬೇಡ, ಇಂಥವೇ ಹೆಚ್ಚು. ಎಲ್ಲ ಪಂಥದ ಪ್ರಜೆಗಳಿಗೆ ಬರೆಸಿದ್ದು ತಾನೆ! ಆದರೆ ಅವನ ಕಡೆಗಾಲದ ದೊಡ್ಡ ಶಾಸನ, 7ನೇ ಸ್ತಂಭ ಶಾಸನದಲ್ಲಿ, ಒಂದು ಪದ ಇದೆ. ಪಟ್ಟವಾಗಿ 27 ವರ್ಷದ ಮೇಲೆ ಬರೆಸಿದ್ದು. ಇದು ಒಂದೇ ಒಂದು ಕಂಬದ ಮೇಲಿದೆ. ಹರಿಯಾಣದ ಟೋಪ್ರಾದಲ್ಲಿದ್ದ ಆ ಕಂಬವನ್ನು 14ನೇ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ದೆಹಲಿಗೆ ಸಾಗಿಸಿದ. ಈಗಲೂ ಫಿರೋಜ್ ಶಾ ಕೋಟ್ಲಾದ ಮೇಲೆ ನಿಂತಿದೆ.

ಜನರಲ್ಲಿ ಧರ್ಮ ಬೆಳೆದಿದ್ದು ಎರಡು ದಾರಿಯಿಂದ, ನಿಯಮದಿಂದ ಮತ್ತು "ನಿಝತಿ"ಯಿಂದ ಅಂತ ಅಲ್ಲಿ ಹೇಳುತ್ತಾನೆ. ಇಂಥ ಪ್ರಾಣಿ ಕೊಲ್ಲಬಾರದು ಅಂತ ನಾನು ಮಾಡಿದ್ದು ನಿಯಮ. ಆದರೆ ನಿಯಮದ ಕೆಲಸ ಅಲ್ಪ, ನಿಝತಿಯ ಕೆಲಸವೇ ಹೆಚ್ಚು. ಈ ಪದವನ್ನು ಕೆಲವರು ಮನವೊಲಿಕೆ ಅಂತ, ಕೆಲವರು ಮನನ ಅಂತ ಅನುವಾದಿಸುತ್ತಾರೆ. ಬೇರು ಮಾತ್ರ ಧ್ಯಾನದ್ದೇ, ಅದೇ "ಧ್ಯೈ" ಧಾತು. ಆಜ್ಞೆ ಮಾಡಲು ಪೂರ್ತಿ ಅಧಿಕಾರ ಇದ್ದ ಮನುಷ್ಯ, ಇಪ್ಪತ್ತೇಳು ವರ್ಷ ಆಳಿದ ಮೇಲೆ, ಆಜ್ಞೆಯಿಂದ ಆಗುವುದು ಸ್ವಲ್ಪ, ಒಳಗೆ ನೋಡಿಕೊಳ್ಳುವುದರಿಂದ ಆಗುವುದೇ ಜಾಸ್ತಿ ಅಂತ ಒಪ್ಪಿಕೊಂಡ. ಮೊದಮೊದಲು ನಾನು ಮೈಗಳ್ಳನಾಗಿದ್ದೆ ಅಂತ ಶುರು ಮಾಡಿದವನು ಕೊನೆಗೆ ಬಂದು ನಿಂತಿದ್ದು ಇಲ್ಲಿ. ಹಾಗಂತ ಬಾವಿ ತೋಡಿಸುವುದನ್ನು ಬಿಡಲಿಲ್ಲ. ದಾರಿ ಬದಿಯ ಆಲದ ಮರ, ಮಾವಿನ ತೋಪು, ಬಾವಿಗಳ ಲೆಕ್ಕವೂ ಅದೇ ಕಂಬದ ಮೇಲಿದೆ.

ಬೆಳಿಗ್ಗೆ ಅರ್ಧ ಗಂಟೆ ಧ್ಯಾನ, ಆಮೇಲೆ ಒಂಬತ್ತು ಗಂಟೆ ಆಫೀಸು, ಇದೇ ಸಮತೋಲನ ಅಂತ ನಾನು ಅಂದುಕೊಂಡಿದ್ದೆ. ತಕ್ಕಡಿಯ ಎರಡು ತಟ್ಟೆ ಥರ. ಈಗ ಹಾಗನ್ನಿಸುತ್ತಿಲ್ಲ. ಕೂತಾಗ ಕಂಡಿದ್ದನ್ನು ಎದ್ದ ಮೇಲೆ ಮಾಡದಿದ್ದರೆ ಕೂತಿದ್ದು ಬರೀ ನಿದ್ದೆ ಮಾತ್ರೆ. ನೋಡದೆ ಮಾಡಿದ ಕೆಲಸ ಆ ಏಳು ದೋಷಗಳ ಕೈಗೆ ಸಿಗುತ್ತೆ.

ಬ್ರಹ್ಮಗಿರಿಯಿಂದ ಬಂದ ರಾತ್ರಿ ಆ ಹುಡುಗನಿಗೆ ಮೇಲ್ ಬರೆದೆ. ನಾಲ್ಕು ಸಲ ಬರೆದು ಅಳಿಸಿದೆ. ಕೊನೆಗೆ ಇದ್ದದ್ದು ಇಷ್ಟೇ: ನಿನ್ನ ತಂದೆಯ ವಿಷಯ ನನಗೆ ಗೊತ್ತಿತ್ತು, ನಾನು ಹೇಳಬೇಕಿತ್ತು, ಹೇಳಲಿಲ್ಲ. ಮರುದಿನ ಮ್ಯಾನೇಜರ್ ಹತ್ತಿರವೂ ಅದನ್ನೇ ಹೇಳಿದೆ. "ಈಗ ಹೇಳಿ ಏನು ಪ್ರಯೋಜನ?" ಅಂದರು. ಅವರು ಹೇಳಿದ್ದು ಸರಿ. ನಾನು ಕಳಿಂಗ ವಾಪಸ್ ಕೊಡಿಸಲಾರೆ. ಮುಂದಿನ ಸಲ ಹೆಸರು ಕೇಳಿದಾಗ ಮೂರು ದಿನದ ಗಡುವು ಕೇಳುತ್ತೇನೆ ಅಂತ ಮಾತ್ರ ಹೇಳಿ ಬಂದೆ. ಅವರಿಗೆ ಅರ್ಥ ಆಗಲಿಲ್ಲ, ನಾನೂ ವಿವರಿಸಲಿಲ್ಲ.

ಆರು ದಿನದ ಮೇಲೆ ಹುಡುಗನಿಂದ ಉತ್ತರ ಬಂತು. ತಂದೆ ತೀರಿಕೊಂಡರು, ನನಗೆ ಮೈಸೂರಿನಲ್ಲಿ ಬೇರೆ ಕೆಲಸ ಸಿಕ್ಕಿದೆ ಅಂತ ಎರಡು ಸಾಲು. ಕ್ಷಮಿಸಿದೆ ಅಂತ ಇಲ್ಲ, ಇಲ್ಲ ಅಂತಲೂ ಇಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬರದೇ ಇದ್ದದ್ದೇ ಸರಿ ಅನ್ನಿಸಿತು.

ಮೊಳಕಾಲ್ಮೂರು ಕಡೆ ಹೋದರೆ ಅಕ್ಷರಗುಂಡು ನೋಡಿ ಬನ್ನಿ, ನೀರಿನ ಬಾಟಲಿ ಮರೆಯಬೇಡಿ. ನಿಮ್ಮಲ್ಲಿ ಧ್ಯಾನ ಮಾಡುವವರು, ಟೀಮ್ ನಡೆಸುವವರು, ಎರಡನ್ನೂ ಮಾಡುವವರು ಇದ್ದೀರಿ. ನೀವು ಹೇಗೆ ನಿಭಾಯಿಸುತ್ತೀರಿ? ಬರೆಯಿರಿ, ಕಾಯುತ್ತಿರುತ್ತೇನೆ.